ವೈಡನಿಂಗ್: ಲೂಪನ್ನು ನೂರು ಸಲ ಸುತ್ತದೆ ಉತ್ತರ ಪಡೆಯುವ ಬಗೆ

ಪ್ರೋಗ್ರಾಮನ್ನು ಓಡಿಸದೆಯೇ ಅದರ ಎಲ್ಲ ಓಟಗಳ ಬಗ್ಗೆ ಖಚಿತವಾಗಿ ಹೇಳಬೇಕಾದರೆ, ಬಿಡಿ ಬೆಲೆಗಳ ಬದಲು ಅವೆಲ್ಲವನ್ನೂ ಒಳಗೊಳ್ಳುವ ಸ್ಥೂಲ ರೂಪಗಳ ಮೇಲೆ ಲೆಕ್ಕ ನಡೆಸಬೇಕು. 1977ರಲ್ಲಿ ಪ್ಯಾಟ್ರಿಕ್ ಕೂಸೊ ಮತ್ತು ರಾಧಿಯಾ ಕೂಸೊ ಮಂಡಿಸಿದ ಅಬ್‌ಸ್ಟ್ರ್ಯಾಕ್ಟ್ ಇಂಟರ್‌ಪ್ರಿಟೇಶನ್‌ನ ತಿರುಳು ಇದು. ಲ್ಯಾಟಿಸ್ (ಇಂಥ ರೂಪಗಳನ್ನು ಯಾವುದು ಯಾವುದನ್ನು ಒಳಗೊಳ್ಳುತ್ತದೆ ಎಂಬ ಕ್ರಮದಲ್ಲಿ ಜೋಡಿಸಿದ ರಚನೆ) ಗೊತ್ತಿದೆ ಎಂದುಕೊಂಡು ನೇರವಾಗಿ ಲೂಪಿಗೆ, ಅಂದರೆ ಷರತ್ತು ನಿಜವಾಗಿರುವವರೆಗೆ ಮತ್ತೆ ಮತ್ತೆ ನಡೆಯುವ ಕೋಡಿಗೆ, ಬರುತ್ತೇನೆ.

ಪೂರ್ಣಾಂಕ ಎಕ್ಸ್ 0ಯಿಂದ ಶುರುವಾಗುತ್ತದೆ. ಅದು 100ಕ್ಕಿಂತ ಕಡಿಮೆ ಇರುವವರೆಗೆ 1 ಕೂಡಿಸುತ್ತಾ ಹೋಗುತ್ತೇವೆ. ಲೂಪಿನ ಬಾಗಿಲಲ್ಲಿ ಎಕ್ಸ್‌ನ ಇಂಟರ್ವಲ್, ಅಂದರೆ ಅದರ ಬೆಲೆಗಳ ಕೆಳಗಿನ ಮತ್ತು ಮೇಲಿನ ತುದಿಗಳ ಜೋಡಿ, [0, 0], ಮುಂದಿನ ಸುತ್ತಿನಲ್ಲಿ [0, 1], ಆಮೇಲೆ [0, 2]. ಮಿತಿ 100ರ ಬದಲು ಹತ್ತು ಕೋಟಿಯಾದರೆ ಈ ನಡಿಗೆ ಕೆಲಸಕ್ಕೆ ಬಾರದು. ವೈಡನಿಂಗ್ ಹಳೆಯ ಇಂಟರ್ವಲನ್ನು ಹೊಸದರೊಂದಿಗೆ ಹೋಲಿಸಿ, ಬೆಳೆಯುತ್ತಿರುವ ತುದಿಯನ್ನು ಒಮ್ಮೆಲೇ ಅನಂತಕ್ಕೆ ಒಯ್ಯುತ್ತದೆ: [0, 0] ಮತ್ತು [0, 1] ಸೇರಿ [0, ∞] ಆಗುತ್ತದೆ.

ಇಲ್ಲಿ ನಿಧಾನವಾಗಿ ಓದಬೇಕು. ವೈಡನಿಂಗ್ ಎಂದರೆ ಜಾಯಿನ್ (ಎರಡು ಇಂಟರ್ವಲ್‌ಗಳನ್ನೂ ಒಳಗೊಳ್ಳುವ ಅತಿ ಚಿಕ್ಕ ಇಂಟರ್ವಲ್) ಅಲ್ಲ. ಜಾಯಿನ್‌ನಲ್ಲಿ ಎಡ ಬಲ ಅದಲುಬದಲಾದರೂ ಉತ್ತರ ಒಂದೇ. ವೈಡನಿಂಗ್‌ನಲ್ಲಿ ಎಡಗಡೆ ಹಳೆಯದು, ಬಲಗಡೆ ಹೊಸದು. ಎಡಕ್ಕೆ [0, 1], ಬಲಕ್ಕೆ [0, 0] ಇಟ್ಟರೆ ಯಾವ ತುದಿಯೂ ಬೆಳೆದಿಲ್ಲವಾದ್ದರಿಂದ ಉತ್ತರ [0, 1] ಆಗಿಯೇ ಉಳಿಯುತ್ತದೆ. ಅದು ಅಳೆಯುವುದು ಗಾತ್ರವನ್ನಲ್ಲ, ಬೆಳವಣಿಗೆಯನ್ನು. ಅನಂತಕ್ಕೆ ಹಾರಿದಾಗ ನಿಖರತೆ ಹೋಗುತ್ತದೆಯೇ ಹೊರತು ಸತ್ಯ ಹೋಗುವುದಿಲ್ಲ, ಏಕೆಂದರೆ ನಿಜವಾದ ಬೆಲೆಗಳೆಲ್ಲ [0, ∞]ದ ಒಳಗೇ ಇವೆ.

ಹೋದ ನಿಖರತೆಯನ್ನು ನ್ಯಾರೋಯಿಂಗ್, ಅಂದರೆ ಹಿಗ್ಗಿದ ಇಂಟರ್ವಲನ್ನು ಮತ್ತೆ ಕುಗ್ಗಿಸುವ ಹೆಜ್ಜೆ, ಮರಳಿ ತರುತ್ತದೆ. [0, ∞]ವನ್ನು ಲೂಪಿನ ಷರತ್ತಿನ ಮೂಲಕ ಹಾಯಿಸಿದರೆ [0, 99]. 1 ಕೂಡಿಸಿದರೆ [1, 100]. ಆರಂಭದ 0ಯೊಂದಿಗೆ ಸೇರಿಸಿದರೆ [0, 100]. ಲೂಪಿನಿಂದ ಹೊರಬರುವಾಗ ಷರತ್ತು ಸುಳ್ಳಾಗಿರಬೇಕಾದ್ದರಿಂದ ಎಕ್ಸ್ 100 ಎಂದೇ ಸಿದ್ಧವಾಗುತ್ತದೆ.

ಆದರೆ ಷರತ್ತನ್ನು ‘ಎಕ್ಸ್ 100ಕ್ಕೆ ಸಮವಲ್ಲದಿರುವವರೆಗೆ’ ಎಂದು ಬದಲಿಸಿ ನೋಡಿ. [0, ∞]ದ ನಡುವಿನಿಂದ 100ನ್ನು ಮಾತ್ರ ತೆಗೆದುಹಾಕಲು ಇಂಟರ್ವಲಿಗೆ ಬರುವುದಿಲ್ಲ, ಹಾಗಾಗಿ ನ್ಯಾರೋಯಿಂಗ್ ಎಷ್ಟು ಸಲ ಮಾಡಿದರೂ ಮೇಲಿನ ತುದಿ ಇಳಿಯದು. ನನಗೆ ಬಹಳ ಹಿಡಿಸಿದ ಉಪಾಯವೆಂದರೆ ಅನಂತಕ್ಕೆ ಹಾರುವ ಮುನ್ನ ಕೆಲವು ಮೆಟ್ಟಿಲುಗಳನ್ನು ಇಟ್ಟುಕೊಳ್ಳುವುದು. 100 ಒಂದು ಮೆಟ್ಟಿಲಾದರೆ ವೈಡನಿಂಗ್ [0, 100]ಕ್ಕೆ ನಿಲ್ಲುತ್ತದೆ. ಈಗ 100 ತುದಿಯಲ್ಲಿರುವುದರಿಂದ ಷರತ್ತು ಅದನ್ನು ಕತ್ತರಿಸಿ [0, 99] ಮಾಡಬಲ್ಲದು, 1 ಕೂಡಿಸಿದರೂ 100 ದಾಟದು. ಮೆಟ್ಟಿಲುಗಳ ಪಟ್ಟಿ ಸೀಮಿತವಾಗಿರುವವರೆಗೆ ಲೆಕ್ಕ ಮುಗಿದೇ ಮುಗಿಯುತ್ತದೆ.

2003ರಲ್ಲಿ ಏರ್‌ಬಸ್ ಎ340 ವಿಮಾನದ ಪ್ರಧಾನ ಹಾರಾಟ ನಿಯಂತ್ರಣ ಸಾಫ್ಟ್‌ವೇರ್‌ನಲ್ಲಿ, ಅಂದರೆ 1,32,000 ಸಾಲುಗಳ ಸಿ ಕೋಡಿನಲ್ಲಿ, ರನ್‌ಟೈಮ್ ದೋಷಗಳಿಲ್ಲವೆಂದು (ಪ್ರೋಗ್ರಾಮ್ ಓಡುವಾಗ ತಲೆದೋರುವ ತಪ್ಪುಗಳಿಲ್ಲವೆಂದು) ಸಾಧಿಸಿ ತೋರಿಸಿದ ಆಸ್ಟ್ರೇ ಎಂಬ ಕೋಡ್ ಪರಿಶೀಲಿಸುವ ಸಾಧನ ಕೂಡ ಇಂಥ ಮೆಟ್ಟಿಲುಗಳನ್ನೇ ಬಳಸುತ್ತದೆ. ಅಲ್ಲಿ ಅವು ಗುಣೋತ್ತರ ಶ್ರೇಢಿಯಲ್ಲಿ ಏರುತ್ತವೆ.