ಅಭಿಮಾನಿಗಳು ನೆಲ ನಡುಗಿಸಿದ ದಿನ

2011ರ ಜನವರಿ 8. ಅಮೆರಿಕದ ಸಿಯಾಟಲ್ ನಗರದ ಒಂದು ಭೂಕಂಪಮಾಪಕ ನೆಲ ನಡುಗಿದ್ದನ್ನು ದಾಖಲಿಸಿತು. ಭೂಮಿಯೊಳಗೆ ಏನೂ ಜಾರಿರಲಿಲ್ಲ, ಏನೂ ಬಿರುಕು ಬಿಟ್ಟಿರಲಿಲ್ಲ. ಹತ್ತಿರದ ಸ್ಟೇಡಿಯಂನಲ್ಲಿ ಮಾರ್ಷಾನ್ ಲಿಂಚ್ ಎಂಬ ಆಟಗಾರ ಚೆಂಡನ್ನು ಎದೆಗೆ ಅವುಚಿಕೊಂಡು 67 ಗಜ ಓಡಿದ್ದರು, ಅಷ್ಟೇ. ಉಳಿದ ಕೆಲಸ ಮಾಡಿದ್ದು ಅರವತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಕಾಲುಗಳು. ಲಿಂಚ್ ಅವರಿಗೆ 'ಬೀಸ್ಟ್ ಮೋಡ್' ಎಂಬ ಅಡ್ಡಹೆಸರಿತ್ತು. ಹಾಗಾಗಿ ಈ ನಡುಕಕ್ಕೆ 'ಬೀಸ್ಟ್ ಕ್ವೇಕ್' ಎಂಬ ಹೆಸರು ಬಿತ್ತು.

ಇದು ಮೆಸ್ಸಿ, ಛೆಟ್ರಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಅವರ ಪ್ಲೇಆಫ್ ನಮ್ಮ ಐಪಿಎಲ್‌ಗಿಂತ ಕ್ರೂರ. ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದ ತಂಡಗಳಿಗೆ ಇನ್ನೊಂದು ಅವಕಾಶವಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಒಂದು ಪಂದ್ಯ ಸೋತರೆ ಮನೆಗೆ, ಮತ್ತೆ ಸೆಪ್ಟೆಂಬರ್‌ವರೆಗೆ ಕಾಯಬೇಕು.

ಆ ದಿನ ಸಿಯಾಟಲ್ ಸೀಹಾಕ್ಸ್ ಗೆಲ್ಲುತ್ತದೆ ಎಂದು ಹೊರಗಿನ ಯಾರೂ ಅಂದುಕೊಂಡಿರಲಿಲ್ಲ. ಆ ಸೀಸನ್‌ನಲ್ಲಿ ತಂಡ ಗೆದ್ದದ್ದು 7 ಪಂದ್ಯ, ಸೋತದ್ದು 9. ಪ್ಲೇಆಫ್‌ಗೆ ಬಂದದ್ದೇ ಹಲವರಿಗೆ ನಗೆಪಾಟಲಾಗಿತ್ತು. ಎದುರಿಗಿದ್ದವರು ಹಿಂದಿನ ವರ್ಷದ ಚಾಂಪಿಯನ್ನರಾದ ನ್ಯೂ ಓರ್ಲಿಯನ್ಸ್ ಸೇಂಟ್ಸ್. ಆದರೂ ಕೊನೆಯ ಕೆಲವೇ ನಿಮಿಷ ಬಾಕಿ ಇರುವಾಗ ಸಿಯಾಟಲ್ 34-30ರಿಂದ ಮುಂದಿತ್ತು. ಆಗ ಲಿಂಚ್ ಒಬ್ಬೊಬ್ಬರನ್ನೇ ಕೊಡವಿಕೊಂಡು ಓಡಿದರು. ಪಂದ್ಯ 41-36ಕ್ಕೆ ಮುಗಿಯಿತು.

ಒಬ್ಬ ಮನುಷ್ಯ ಕುಣಿದರೆ ಭೂಮಿಗೆ ಏನೂ ಅನಿಸುವುದಿಲ್ಲ. ಸಾವಿರಾರು ಜನ ಕೆಲವೇ ಸೆಕೆಂಡುಗಳೊಳಗೆ ಒಟ್ಟಿಗೆ ನೆಗೆದರೆ ಕಾಂಕ್ರೀಟ್ ಗ್ಯಾಲರಿ ಕುಲುಕುತ್ತದೆ, ಅದರ ಕಂಬಗಳ ಮೂಲಕ ಆ ಕುಲುಕಾಟ ನೆಲಕ್ಕಿಳಿಯುತ್ತದೆ. ಸಿಯಾಟಲ್‌ನ ಆ ಭಾಗ ಹಿಂದೆ ಸಮುದ್ರದ ಉಬ್ಬರದ ನೀರು ಬಂದು ಹೋಗುತ್ತಿದ್ದ ಕೆಸರು ಬಯಲು. ಮಣ್ಣು ತುಂಬಿ ಮಾಡಿದ ಜಾಗ. ಅಂಥ ಮೆತ್ತಗಿನ ನೆಲ ಗಟ್ಟಿ ಬಂಡೆಗಿಂತ ಜಾಸ್ತಿ ಅಲುಗುತ್ತದೆ.

2023ರ ಜುಲೈನಲ್ಲಿ ಅದೇ ಸ್ಟೇಡಿಯಂನಲ್ಲಿ ಟೇಲರ್ ಸ್ವಿಫ್ಟ್ ಹಾಡಿದಾಗ ನೆಲ ಇನ್ನೂ ಜೋರಾಗಿ ನಡುಗಿತು. ಭೂವಿಜ್ಞಾನಿ ಜಾಕಿ ಕ್ಯಾಪ್ಲನ್-ಆವರ್‌ಬಾಕ್ ಲೆಕ್ಕ ಹಾಕಿದಾಗ ಅದು ಲಿಂಚ್ ಓಟದ ನಡುಕದ ಸುಮಾರು ಎರಡರಷ್ಟಿತ್ತು. ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ಸಂಗೀತ ಕಛೇರಿಯಲ್ಲಿ ತಾಳ ಎಲ್ಲರಿಗೂ ಮೊದಲೇ ಗೊತ್ತು, ಗಂಟೆಗಟ್ಟಲೆ ಅದಕ್ಕೆ ಹೆಜ್ಜೆ ಹಾಕುತ್ತಾರೆ. ಪಂದ್ಯದಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಸುಮ್ನೆ ಕಾಯುತ್ತಾರೆ, ಕಾಯುತ್ತಾರೆ, ಆಮೇಲೆ ಒಂದೇ ಸಲ ಸಿಡಿಯುತ್ತಾರೆ. ನನಗೆ ಕುತೂಹಲ ಇರುವುದು ಆ ಸಿಡಿತಕ್ಕಿಂತ ಅದರ ಹಿಂದಿನ ಕಾಯುವಿಕೆಯ ಬಗ್ಗೆ.

1990ರ ದಶಕದಲ್ಲಿ ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸೂಸುವ ನರಕೋಶಗಳನ್ನು ಗಮನಿಸುತ್ತಿದ್ದರು. ಕೋತಿಗೆ ಇದ್ದಕ್ಕಿದ್ದಂತೆ ಒಂದು ಹನಿ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಜೋರಾಗಿ ಮಿಡಿಯುತ್ತಿದ್ದವು. ರಸ ಬರುವ ಮೊದಲು ಒಂದು ಸೂಚನೆ ಕೊಡುವುದನ್ನು ರೂಢಿ ಮಾಡಿದ ಮೇಲೆ ಮಿಡಿತ ಆ ಸೂಚನೆಗೇ ಹಾರಿತು. ರಸ ಬಂದಾಗ ಏನೂ ಆಗಲಿಲ್ಲ. ಸೂಚನೆ ಬಂದು ರಸ ಬಾರದೇ ಹೋದಾಗ ಮಿಡಿತ ಮಾಮೂಲಿಗಿಂತ ಕೆಳಕ್ಕೆ ಕುಸಿಯಿತು. ಅಂದರೆ ಈ ಕೋಶಗಳು ಲೆಕ್ಕ ಇಡುವುದು ಸಿಕ್ಕಿದ್ದನ್ನಲ್ಲ. ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರವನ್ನು.

2003ರಲ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ಇನ್ನೊಂದು ವಿಷಯ ಕಂಡರು. ರಸ ಬರುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಅನುಮಾನದಲ್ಲಿದ್ದಾಗ, ಕಾಯುವ ಹೊತ್ತಿನಲ್ಲಿ ಕೆಲವು ಕೋಶಗಳ ಚಟುವಟಿಕೆ ನಿಧಾನವಾಗಿ ಏರುತ್ತಾ ಹೋಗುತ್ತಿತ್ತು. ಖಂಡಿತ ಬರುತ್ತದೆ ಎಂದಾಗಲೂ, ಖಂಡಿತ ಬರುವುದಿಲ್ಲ ಎಂದಾಗಲೂ ಆ ಏರಿಕೆ ಇರಲಿಲ್ಲ. ಕೋತಿಯ ಹಣ್ಣಿನ ರಸದಿಂದ ಮನುಷ್ಯರ ಸ್ಟೇಡಿಯಂಗೆ ಜಿಗಿಯುವಾಗ ಎಚ್ಚರ ಬೇಕು, ನಿಜ. ಆದರೂ ಸಮಬಲದ ಎರಡು ತಂಡಗಳ ನಾಕೌಟ್ ಪಂದ್ಯ ನೋಡುವವರ ಪಾಡು ನೆನಪಾಗದೆ ಇರದು, ಅಲ್ವಾ?

ದೇಹದ ಕಥೆಯೂ ಹಾಗೇ. 2010ರಲ್ಲಿ ಮೆಸ್ಸಿ ಆಡುವ ಫುಟ್‌ಬಾಲಿನ ವಿಶ್ವಕಪ್ ಫೈನಲ್ ನೋಡುತ್ತಿದ್ದ ಸ್ಪೇನ್ ಅಭಿಮಾನಿಗಳ ಎಂಜಲಿನ ಮಾದರಿಗಳನ್ನು ಸಂಶೋಧಕರು ಪರೀಕ್ಷಿಸಿದರು. ಮಾಮೂಲಿ ದಿನಕ್ಕಿಂತ ಒತ್ತಡದ ಹಾರ್ಮೋನ್ ಕಾರ್ಟಿಸಾಲ್, ಗಂಡಸರ ಹಾರ್ಮೋನ್ ಎನ್ನುವ ಟೆಸ್ಟೋಸ್ಟಿರೋನ್ ಎರಡೂ ಏರಿದ್ದವು. ಸೋಫಾದಲ್ಲಿ ಕೂತವರ ದೇಹವೂ ಮೈದಾನಕ್ಕೆ ಇಳಿಯುವವರಂತೆ ತಯಾರಾಗಿತ್ತು. ಸ್ಪೇನ್ ಗೆದ್ದ ಮೇಲೆ ಟೆಸ್ಟೋಸ್ಟಿರೋನ್ ಇನ್ನೂ ಏರಬೇಕಿತ್ತು ಅಂದುಕೊಂಡರೆ, ಹಾಗಾಗಲಿಲ್ಲ. ಅದಕ್ಕೂ ಹಿಂದೆ, 1994ರ ಬ್ರೆಜಿಲ್-ಇಟಲಿ ಫೈನಲ್ ನೋಡಿದವರ ಅಧ್ಯಯನದಲ್ಲಿ ಮಾತ್ರ ಗೆದ್ದ ಕಡೆಯವರಲ್ಲಿ ಏರಿ, ಸೋತ ಕಡೆಯವರಲ್ಲಿ ಇಳಿದಿತ್ತು. ಎರಡೂ ಸಣ್ಣ ಅಧ್ಯಯನಗಳು. 'ತಂಡ ಗೆದ್ದರೆ ಗಂಡಸರ ಹಾರ್ಮೋನ್ ಏರುತ್ತದೆ' ಎಂದು ಪತ್ರಿಕೆಗಳು ಬರೆದಷ್ಟು ಸಲೀಸಾಗಿ ನಾನಂತೂ ಬರೆಯಲಾರೆ.

ಹೃದಯದ ವಿಷಯದಲ್ಲಿ ಪುರಾವೆ ಇದಕ್ಕಿಂತ ಗಟ್ಟಿ. ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ವೈದ್ಯರು 2006ರ ವಿಶ್ವಕಪ್ ದಿನಗಳ ಮತ್ತು ಹೋಲಿಕೆಗಾಗಿ ಮಾಮೂಲಿ ದಿನಗಳ ಒಟ್ಟು 4,279 ಹೃದ್ರೋಗ ತುರ್ತು ಪ್ರಕರಣಗಳನ್ನು ಪರಿಶೀಲಿಸಿದರು. ಜರ್ಮನಿ ಆಡಿದ ದಿನಗಳಲ್ಲಿ ಅಂಥ ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಇದ್ದವು. ಅದರಲ್ಲೂ ಜಾಸ್ತಿ ಬಂದದ್ದು ಪಂದ್ಯ ಶುರುವಾದ ಮೊದಲ ಎರಡು ಗಂಟೆಗಳೊಳಗೆ. ಅಪಾಯ ಹೆಚ್ಚಿದ್ದದ್ದು ಮೊದಲೇ ಹೃದಯದ ತೊಂದರೆ ಇದ್ದವರಿಗೆ.

ಮತ್ತೆ ಸಿಯಾಟಲ್‌ಗೆ. ಅಲ್ಲಿ ಮೈದಾನಕ್ಕಿಳಿಯುವವರು 11 ಜನ, ಹನ್ನೆರಡನೆಯವರು ಅಭಿಮಾನಿಗಳು. 1984ರಲ್ಲೇ ತಂಡ 12ನೇ ನಂಬರಿನ ಜೆರ್ಸಿಯನ್ನು ಆಟಗಾರರಿಗೆ ಕೊಡುವುದು ನಿಲ್ಲಿಸಿ ಅವರಿಗೆ ಮೀಸಲಿಟ್ಟಿತು. ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಇವರು ಕಿರುಚುತ್ತಾರೆ, ಆ ಆಟಗಾರರಿಗೆ ತಮ್ಮದೇ ನಾಯಕನ ಕೂಗು ಕೇಳಿಸಬಾರದು ಅಂತ. 2013ರ ಡಿಸೆಂಬರ್‌ನಲ್ಲಿ ಈ ಗದ್ದಲ 137.6 ಡೆಸಿಬೆಲ್ ಮುಟ್ಟಿ ಆಗಿನ ಗಿನ್ನೆಸ್ ದಾಖಲೆಯಾಯಿತು. ತಮ್ಮವರ ಕೈಗೆ ಚೆಂಡು ಬಂದರೆ ಸ್ಟೇಡಿಯಂ ತಣ್ಣಗಾಗುತ್ತದೆ.

2015ರ ಜನವರಿ 18ರ ಪ್ಲೇಆಫ್‌ನಲ್ಲಿ ಆ ತಣ್ಣಗಿನ ಹೊತ್ತು ಬಹಳ ಉದ್ದವಾಗಿತ್ತು. ಗೆದ್ದವರಿಗೆ ಸೂಪರ್ ಬೌಲ್ ಫೈನಲ್. ಅರ್ಧ ಆಟ ಮುಗಿದಾಗ ಗ್ರೀನ್ ಬೇ ಪ್ಯಾಕರ್ಸ್ 16, ಸಿಯಾಟಲ್ ಸೊನ್ನೆ. ಐದು ನಿಮಿಷ ಬಾಕಿ ಇರುವಾಗ 19-7. ಒಂದಷ್ಟು ಅಭಿಮಾನಿಗಳು ಎದ್ದು ಹೊರಟೇಬಿಟ್ಟರು. ಟ್ರಾಫಿಕ್ ತಪ್ಪಿಸಿಕೊಳ್ಳಲು ಹೊರಟವರೂ ಇದ್ದಿರಬಹುದು. ಆದರೆ ನಿರೀಕ್ಷೆಯನ್ನು ತಾವೇ ಮೊದಲು ಇಳಿಸಿಕೊಂಡರೆ ಕುಸಿತದ ನೋವು ಕಡಿಮೆ ಎಂಬುದು ಮನಸ್ಸಿನ ಹಳೆಯ ಉಪಾಯ. ಅವರು ಹೊರಗೆ ಹೋದಮೇಲೆ ಸಿಯಾಟಲ್ ಎರಡು ಟಚ್‌ಡೌನ್ ಹೊಡೆಯಿತು (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದೇ ಟಚ್‌ಡೌನ್), ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು, 28-22ಕ್ಕೆ ಸಿಯಾಟಲ್ ಗೆದ್ದಿತು. ಹೊರಗಿದ್ದವರು ಓಡಿ ಬಂದರೆ ಗೇಟಿನಲ್ಲಿ ಒಳಗೆ ಬಿಡಲಿಲ್ಲ.

ಎರಡು ವಾರದ ನಂತರ, ಫೆಬ್ರವರಿ 1ರ ಫೈನಲ್‌ನಲ್ಲಿ ಎಲ್ಲವೂ ತಿರುಗುಮುರುಗಾಯಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28-24ರಿಂದ ಮುಂದಿತ್ತು. 26 ಸೆಕೆಂಡ್ ಬಾಕಿ. ಗೆಲ್ಲಿಸುವ ಟಚ್‌ಡೌನ್‌ಗೆ ಸಿಯಾಟಲ್ ದಾಟಬೇಕಿದ್ದದ್ದು ಒಂದೇ ಒಂದು ಗಜ, ಪಕ್ಕದಲ್ಲಿ ಲಿಂಚ್ ನಿಂತಿದ್ದರು. ಚೆಂಡು ಅವರ ಕೈಗೆ ಹೋಗುತ್ತದೆ ಎಂದು ಜಗತ್ತೇ ಅಂದುಕೊಂಡಿತ್ತು. ಹೋಗಲಿಲ್ಲ. ಸಿಯಾಟಲ್‌ನ ರಸೆಲ್ ವಿಲ್ಸನ್ ಚೆಂಡು ಎಸೆದರು, ಪೇಟ್ರಿಯಟ್ಸ್‌ನ, ಅಷ್ಟಾಗಿ ಯಾರಿಗೂ ಗೊತ್ತಿಲ್ಲದ ಮಾಲ್ಕಮ್ ಬಟ್ಲರ್ ಅಡ್ಡ ಬಂದು ಹಿಡಿದರು. ಸೂಚನೆ ಬಂತು, ರಸ ಬರಲಿಲ್ಲ. ಸಿಯಾಟಲ್‌ನವರು ಇವತ್ತಿಗೂ ಆ ಒಂದು ಗಜದ ಮಾತು ಬಂದರೆ ಜಗಳಕ್ಕೆ ನಿಲ್ಲುತ್ತಾರೆ. 20 ಅಂಕಗಳಿಂದ ಸೋತಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದರು ಅನ್ನಿಸುತ್ತದೆ.

ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಈ ಅಂತರಕ್ಕೆ ಕರಾಳ ಮುಖವೂ ಇದೆ. ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ಪೊಲೀಸ್ ದಾಖಲೆಗಳನ್ನೂ ಫುಟ್‌ಬಾಲ್ ಫಲಿತಾಂಶಗಳನ್ನೂ ಒಟ್ಟಿಗಿಟ್ಟು ನೋಡಿದರು. ಗೆಲ್ಲಲೇಬೇಕಿದ್ದ ಊರಿನ ತಂಡ ಸೋತ ದಿನ, ಮನೆಯೊಳಗೆ ಗಂಡಸರು ಹೆಂಡತಿ ಅಥವಾ ಸಂಗಾತಿಯ ಮೇಲೆ ಕೈ ಮಾಡಿದ ಪ್ರಕರಣಗಳು ಸುಮಾರು ಶೇ. 10ರಷ್ಟು ಏರಿದ್ದವು. ಅದೂ ಪಂದ್ಯ ಮುಗಿಯುವ ಆಸುಪಾಸಿನ ಗಂಟೆಗಳಲ್ಲಿ. ಸಮಬಲದ ಪಂದ್ಯ ಸೋತಾಗ ಅಂಥ ಏರಿಕೆ ಕಾಣಲಿಲ್ಲ. ಅನಿರೀಕ್ಷಿತವಾಗಿ ಗೆದ್ದ ದಿನ ಹಿಂಸೆ ಅಷ್ಟೇ ಪ್ರಮಾಣದಲ್ಲಿ ಇಳಿಯಿತೇ ಎಂದರೆ, ಅದೂ ಇಲ್ಲ. ಪಂದ್ಯ ಹಿಂಸೆಯನ್ನು ಹುಟ್ಟಿಸುವುದಿಲ್ಲ, ಇರುವ ಹಿಂಸೆಗೆ ನೆಪ ಕೊಡುತ್ತದೆ. ಏಟು ತಿಂದವರಿಗೆ ಈ ವ್ಯತ್ಯಾಸದಿಂದ ಏನೂ ಪ್ರಯೋಜನವಿಲ್ಲ, ಅದು ಬೇರೆ ಮಾತು.

ಹೆಚ್ಚಿನವರಿಗೆ ಸೋಲಿನ ನೋವು ತಾವು ಹೆದರಿದಷ್ಟು ದಿನ ಉಳಿಯುವುದಿಲ್ಲ. ಟಿಮೊಥಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಮತ್ತಿತರರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ, ನಿಮ್ಮ ಫುಟ್‌ಬಾಲ್ ತಂಡ ಗೆದ್ದರೆ, ಸೋತರೆ ಮುಂದಿನ ದಿನಗಳಲ್ಲಿ ನಿಮಗೆ ಹೇಗನಿಸೀತು ಎಂದು ಕೇಳಿದ್ದರು. ವಿದ್ಯಾರ್ಥಿಗಳು ಫಲಿತಾಂಶದ ಪರಿಣಾಮವನ್ನು ಅತಿಯಾಗಿ ಊಹಿಸಿದರು. ಆದರೆ ಆ ದಿನಗಳಲ್ಲಿ ತಾವು ಮಾಡಲಿರುವ ಬೇರೆ ಕೆಲಸಗಳನ್ನು, ಓದು, ಊಟ, ಗೆಳೆಯರು ಹೀಗೆ, ಮೊದಲು ಬರೆದವರ ಊಹೆ ಅಷ್ಟು ವಿಪರೀತವಾಗಿರಲಿಲ್ಲ. ಪಂದ್ಯವನ್ನು ಊಹಿಸಿಕೊಳ್ಳುವಾಗ ತಲೆಯಲ್ಲಿ ಪಂದ್ಯವೊಂದೇ ಇರುತ್ತದೆ. ಸೋಮವಾರ ಬಂದಾಗ ಅದರ ಜೊತೆ ಕರೆಂಟ್ ಬಿಲ್ಲೂ ಇರುತ್ತದೆ.

ಆ ಸೋಮವಾರಗಳನ್ನೇ ಮನಃಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1970ರ ದಶಕದಲ್ಲಿ ಹಿಡಿದಿಟ್ಟರು. ಶನಿವಾರ ಕಾಲೇಜು ತಂಡ ಗೆದ್ದಿದ್ದರೆ ಸೋಮವಾರ ಹೆಚ್ಚು ವಿದ್ಯಾರ್ಥಿಗಳು ಕಾಲೇಜಿನ ಹೆಸರಿದ್ದ ಬಟ್ಟೆ ತೊಟ್ಟು ಬರುತ್ತಿದ್ದರು. ಗೆದ್ದ ಪಂದ್ಯದ ಬಗ್ಗೆ ಹೇಳುವಾಗ 'ನಾವು' ಅನ್ನುವುದು ಜಾಸ್ತಿ, ಸೋತಾಗ ಕಡಿಮೆ. ಆದರೆ ನಿಜವಾದ ಹುಚ್ಚರು ಹೀಗಲ್ಲ. ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೋಂಬ್ 1990ರಲ್ಲಿ ತೋರಿಸಿದಂತೆ, ತಂಡದ ಜೊತೆ ಗಾಢವಾಗಿ ಬೆಸೆದುಕೊಂಡವರು ಸೋತಾಗಲೂ ದೂರ ಸರಿಯುವುದಿಲ್ಲ. ಇದಕ್ಕೆ ಬೆಂಗಳೂರಿನವರಿಗೆ ಅಧ್ಯಯನ ಬೇಕಿಲ್ಲ. ಮೂರು ಫೈನಲ್ ಸೋತ ಮೇಲೂ, 2025ರ ಜೂನ್‌ವರೆಗೆ ವರ್ಷ ವರ್ಷವೂ 'ಈ ಸಲ ಕಪ್ ನಮ್ದೇ' ಎಂದವರು ನಾವು.

ಒಂದು ಗಜದ ಸೋಲಿನ ಮರುವರ್ಷ, 2016ರ ಜನವರಿ 10ರಂದು ಸಿಯಾಟಲ್ ಮತ್ತೆ ಪ್ಲೇಆಫ್‌ನಲ್ಲಿತ್ತು. ಈ ಸಲ ಮಿನ್ನೆಸೋಟದಲ್ಲಿ, ಮೈನಸ್ 21 ಡಿಗ್ರಿ ಚಳಿಯಲ್ಲಿ. ಅರ್ಧ ನಿಮಿಷಕ್ಕಿಂತ ಕಡಿಮೆ ಸಮಯ ಉಳಿದಿತ್ತು, ಸಿಯಾಟಲ್ 10-9ರಿಂದ ಮುಂದಿತ್ತು. ಮಿನ್ನೆಸೋಟ ವೈಕಿಂಗ್ಸ್‌ನ ಬ್ಲೇರ್ ವಾಲ್ಷ್ 27 ಗಜದಿಂದ ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸಿದರೆ ಸಾಕಿತ್ತು. ಆ ದೂರದಿಂದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಚೆಂಡು ಒಳಗೇ ಹೋಗುತ್ತದೆ. ತಂಡದ ಆ 9 ಅಂಕಗಳನ್ನೂ ಅವತ್ತು ಒದ್ದು ಗಳಿಸಿಕೊಟ್ಟವರು ಅವರೇ. ಚೆಂಡು ಎಡಕ್ಕೆ ಹೋಯಿತು. ಮಿನ್ನೆಸೋಟದವರು ಅವರನ್ನು ಹಿಗ್ಗಾಮುಗ್ಗಾ ಬೈದರು. ಅದೇ ರಾಜ್ಯದ ಬ್ಲೇನ್ ಎಂಬ ಊರಿನ ಶಾಲೆಯ ಒಂದನೇ ಕ್ಲಾಸಿನ ಮಕ್ಕಳು ಮಾತ್ರ, ಬೇಜಾರು ಮಾಡ್ಕೋಬೇಡಿ ಅಂತ ಕಾರ್ಡು ಬರೆದು ಕಳಿಸಿದರು. ವಾಲ್ಷ್ ಆ ಶಾಲೆಗೇ ಹೋಗಿ ಥ್ಯಾಂಕ್ಸ್ ಹೇಳಿ ಬಂದರು.