ಒದ್ದೆ ಛತ್ರಿ ಸಾಕು, ಮಳೆ ಬೇಡ

‘ರಾತ್ರಿ. ಜೋರು ಮಳೆ. ತಂಗಿ ತೊಯ್ದು ತೊಪ್ಪೆಯಾಗಿ ಒಳಗೆ ಬರುತ್ತಾಳೆ. ಅಣ್ಣ ಊಟ ಮಾಡುತ್ತಿದ್ದಾನೆ. ಇಬ್ಬರೂ ಮಾತಾಡುವುದಿಲ್ಲ.’

ವಿದ್ಯಾರ್ಥಿಗಳ ಕಿರುಚಿತ್ರದ ಸ್ಕ್ರಿಪ್ಟಿನಲ್ಲಿ ಇಂಥ ದೃಶ್ಯ ಮಾಮೂಲಿ. ಬರೆಯಲು ಎರಡು ನಿಮಿಷ ಸಾಕು, ತೆಗೆಯಲು ಅರ್ಧ ದಿನವೂ ಸಾಲದು. ಬಿಡಿಸಿ ನೋಡಿ. ರಾತ್ರಿ ಎಂದರೆ ಕತ್ತಲಾಗುವವರೆಗೆ ಕಾಯಬೇಕು, ಇಲ್ಲವೇ ಕಿಟಕಿಗಳಿಗೆಲ್ಲ ಹೊರಗಿನಿಂದ ಕಪ್ಪು ಬಟ್ಟೆ ಕಟ್ಟಬೇಕು. ಮಳೆಗೆ ನೀರಿನ ಪೈಪು ಬೇಕು, ಅದನ್ನು ಹಿಡಿಯಲು ಇಬ್ಬರು ಬೇಕು. ಹನಿ ಕ್ಯಾಮೆರಾಕ್ಕೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬೀಳಬೇಕು. ಆ ಲೈಟಿನ ವೈರು ನೀರಿಗೆ ತಾಗಬಾರದು. ತಂಗಿ ಪ್ರತಿ ಶಾಟಿನಲ್ಲೂ ಅಷ್ಟೇ ಒದ್ದೆಯಾಗಿರಬೇಕು. ಲೈಟ್ ಬದಲಿಸುವ ಇಪ್ಪತ್ತು ನಿಮಿಷದಲ್ಲಿ ಬಟ್ಟೆ ಆರಲು ಶುರುವಾಗಿರುತ್ತದೆ, ಮತ್ತೆ ನೀರು ಚಿಮುಕಿಸಬೇಕು, ನಟಿ ನಡುಗತೊಡಗುತ್ತಾಳೆ. ಇನ್ನು ಅಣ್ಣನ ತಟ್ಟೆ. ನಾಲ್ಕು ಶಾಟ್, ಶಾಟಿಗೆ ಐದು ಟೇಕ್ ಅಂದುಕೊಂಡರೂ ಇಪ್ಪತ್ತು ಸಲ ತಟ್ಟೆಯಲ್ಲಿ ಅಷ್ಟೇ ಊಟ ಇರಬೇಕು. ಯಾರೂ ಗಮನಿಸದಿದ್ದರೆ ಎಡಿಟಿಂಗ್ ಟೇಬಲ್ಲಿನಲ್ಲಿ ಖಾಲಿಯಾದ ತಟ್ಟೆ ತಾನೇ ತುಂಬಿಕೊಳ್ಳುತ್ತದೆ.

ಈಗ ಅದೇ ದೃಶ್ಯವನ್ನು ಹೀಗೆ ಬರೆಯಿರಿ: ‘ಹೊರಗೆ ಮಳೆಯ ಸದ್ದು. ತಂಗಿ ಒದ್ದೆ ಛತ್ರಿಯನ್ನು ಮೂಲೆಗೆ ಒರಗಿಸುತ್ತಾಳೆ. ಅಣ್ಣ ಉಂಡ ತಟ್ಟೆ ತೊಳೆಯುತ್ತಿದ್ದಾನೆ, ತಿರುಗಿ ನೋಡುವುದಿಲ್ಲ.’ ಮಳೆ ಎಡಿಟಿಂಗಿನಲ್ಲಿ ಸೇರುವ ಸದ್ದಾಯಿತು, ಒದ್ದೆ ಒಂದು ಛತ್ರಿಗೆ ಇಳಿಯಿತು. ಇಬ್ಬರ ನಡುವಿನ ಮುನಿಸು ಹೋಗಲಿಲ್ಲ. ಬೆನ್ನು ಹಾಕಿ ನಿಂತವನಿಂದ ಇನ್ನೂ ಹೆಚ್ಚಾಯಿತು. (ನಲ್ಲಿಯ ಸದ್ದು ಸಾಮಾನ್ಯವಾಗಿ ಸಂಭಾಷಣೆಯನ್ನು ನುಂಗುತ್ತದೆ. ಇಲ್ಲಿ ಮಾತೇ ಇಲ್ಲ, ಬಚಾವ್.)

ಸ್ಕ್ರಿಪ್ಟ್ ಬ್ರೇಕ್‌ಡೌನ್ ಎಂದರೆ ಸಾಮಾನು ಪಟ್ಟಿ, ಅದು ಪ್ರೊಡಕ್ಷನ್ ಹುಡುಗರ ಕೆಲಸ ಎಂದು ಬಹಳ ತಂಡಗಳು ತಿಳಿದಿವೆ. ಅದು ಬರವಣಿಗೆಯದೇ ಕೊನೆಯ ಕರಡು. ನಿರ್ದೇಶಕ, ಕ್ಯಾಮೆರಾ, ಸೌಂಡ್, ಕಲಾ ವಿಭಾಗ ಒಟ್ಟಿಗೆ ಕೂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ‘ಇದಕ್ಕೆ ಏನೇನು ಬೇಕು?’ ಎಂದು ಕೇಳಬೇಕು. ಪಾತ್ರ, ಉಡುಪು, ಪ್ರಾಪರ್ಟಿ (ದೃಶ್ಯದಲ್ಲಿ ಬಳಸುವ ವಸ್ತುಗಳು), ಮೇಕಪ್, ವಿಶೇಷ ಸದ್ದು, ಒಂದೊಂದಕ್ಕೂ ಬೇರೆ ಬಣ್ಣದ ಪೆನ್ನು. ಯಾವ ಪುಟ ಬಣ್ಣಗಳಿಂದ ತುಂಬಿಹೋಗುತ್ತದೋ ಅದನ್ನೇ ಮೊದಲು ತಿದ್ದಬೇಕು.

ಅದಕ್ಕೂ ಮುಂಚೆ ಅವಧಿ ಗೊತ್ತಿರಬೇಕು. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ನಿರ್ದಿಷ್ಟ ಅಕ್ಷರ, ನಿರ್ದಿಷ್ಟ ಅಂಚು ಇರುವ ಇಂಗ್ಲಿಷ್ ಸ್ಕ್ರಿಪ್ಟಿನದು. ಕನ್ನಡದಲ್ಲಿ, ಅದೂ ಮನಸ್ಸಿಗೆ ಬಂದ ಫಾಂಟಿನಲ್ಲಿ ಟೈಪ್ ಮಾಡಿದ ಪುಟಗಳಿಗೆ ಅದನ್ನು ನಂಬಬೇಡಿ. ಸ್ಟಾಪ್‌ವಾಚ್ ಹಿಡಿದು, ನಡೆಯುವ ಕಡೆ ನಡೆದು, ಸುಮ್ಮನಿರುವ ಕಡೆ ಸುಮ್ಮನಿದ್ದು ಓದಿಸಿ. ಎಂಟು ನಿಮಿಷ ಅಂದುಕೊಂಡದ್ದು ಹದಿಮೂರಕ್ಕೆ ಹೋಗುವುದು ಇಲ್ಲೇ ಗೊತ್ತಾಗಲಿ.

ಆಮೇಲೆ ಶಾಟ್‌ಗಳ ಲೆಕ್ಕ. ಹತ್ತು ಗಂಟೆಯ ದಿನದಲ್ಲಿ ಸಾಮಾನು ಇಳಿಸಿ ಮೊದಲ ಲೈಟ್ ಹೊತ್ತಿಸುವ ಹೊತ್ತಿಗೆ ಒಂದು ಗಂಟೆ, ಊಟಕ್ಕೆ ಒಂದು ಗಂಟೆ, ಪ್ಯಾಕಪ್‌ಗೆ ಅರ್ಧ ಗಂಟೆ. ಉಳಿದದ್ದು ಏಳೂವರೆ. ಹೊಸ ತಂಡ ಒಂದು ಶಾಟಿಗೆ ಕ್ಯಾಮೆರಾ ಇಟ್ಟು, ಲೈಟ್ ಸರಿಮಾಡಿ, ನಾಲ್ಕೈದು ಟೇಕ್ ತೆಗೆಯಲು ಅರ್ಧ ಗಂಟೆ ಹಿಡಿಯಿರಿ. ದಿನಕ್ಕೆ ಹದಿನೈದು, ಎರಡು ದಿನಕ್ಕೆ ಮೂವತ್ತು. ಕೈಯಲ್ಲಿರುವ ಶಾಟ್ ಲಿಸ್ಟಿನಲ್ಲಿ ಐವತ್ತೈದು ಇದ್ದರೆ ಹುಮ್ಮಸ್ಸು ಎಷ್ಟಿದ್ದರೂ ಆಗದು. ನಡುವೆ ಒಮ್ಮೆ ಜಾಗ ಬದಲಿಸಿದರೆ ಒಂದೂವರೆ ಗಂಟೆ, ಅಂದರೆ ಮೂರು ಶಾಟ್ ಹೋದ ಹಾಗೆ. ಹೀಗೆ ನೋಡಿದಾಗ ‘ಬಸ್‌ಸ್ಟ್ಯಾಂಡಿನಲ್ಲಿ ಅವನು ಕಾಯುತ್ತಾನೆ’ ಎಂಬ ಹತ್ತು ಸೆಕೆಂಡಿನ ದೃಶ್ಯದ ಬೆಲೆ ತಿಳಿಯುತ್ತದೆ. ಅದು ಮನೆಯ ಗೇಟಿನ ಮುಂದೆಯೂ ನಡೆಯಬಹುದಲ್ಲ?

ಲಿಸ್ಟನ್ನು ಕತ್ತರಿಸಲು ಒಳ್ಳೆಯ ಸಾಧನ ಫೋನು. ಚಿತ್ರ ಬಿಡಿಸಲು ಬಾರದವರು ಪ್ರತಿ ಶಾಟನ್ನೂ ಚಿತ್ರವಾಗಿ ಬರೆಯುವ ಸ್ಟೋರಿಬೋರ್ಡ್ ಎಂದು ಒದ್ದಾಡುವುದು ಬೇಡ. ಗೆಳೆಯರನ್ನು ಅದೇ ಕೋಣೆಯಲ್ಲಿ ನಿಲ್ಲಿಸಿ ಪ್ರತಿ ಶಾಟಿಗೂ ಒಂದು ಫೋಟೊ ತೆಗೆಯಿರಿ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸಾಲಾಗಿ ಜೋಡಿಸಿ, ಸಂಭಾಷಣೆಯನ್ನು ನೀವೇ ಓದಿ ರೆಕಾರ್ಡ್ ಮಾಡಿ ಕೆಳಗೆ ಹಾಕಿ. ಯಾವ ಶಾಟ್ ಕೈಬಿಟ್ಟರೂ ಕಥೆ ಅರ್ಥವಾಗುತ್ತದೆ, ಎಲ್ಲಿ ಒಂದು ಕ್ಲೋಸಪ್ ಇಲ್ಲದೆ ಎಡವುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಜೊತೆಗೆ ಕೋಣೆಯನ್ನು ಮೇಲಿನಿಂದ ನೋಡಿದಂತೆ ಒಂದು ನಕ್ಷೆ: ಬಾಗಿಲು, ಕಿಟಕಿ, ಮೇಜು, ನಟರು, ಕ್ಯಾಮೆರಾ. ಒಬ್ಬ ಪಾತ್ರಧಾರಿಯಿಂದ ಇನ್ನೊಬ್ಬರವರೆಗೆ ಒಂದು ಗೆರೆ ಎಳೆದು ಕ್ಯಾಮೆರಾವನ್ನೆಲ್ಲ ಒಂದೇ ಬದಿಗೆ ಇಡಿ. ಗೆರೆ ದಾಟಿದರೆ ಎದುರುಬದುರು ಕೂತವರು ಪರದೆಯ ಮೇಲೆ ಒಂದೇ ದಿಕ್ಕಿಗೆ ನೋಡುತ್ತಾರೆ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ.

ಲೊಕೇಶನ್ ನೋಡಲು ಹೋದವರು ಹೆಚ್ಚಾಗಿ ಕಣ್ಣಿನಿಂದಲೇ ನೋಡಿ ಬರುತ್ತಾರೆ. ಕಿವಿಯಿಂದ ನೋಡಬೇಕು. ಶೂಟಿಂಗ್ ಯಾವ ವಾರ, ಯಾವ ಹೊತ್ತಿಗೋ ಅದೇ ವಾರ, ಅದೇ ಹೊತ್ತಿಗೆ ಹೋಗಿ, ಹೆಡ್‌ಫೋನ್ ಹಾಕಿ, ಮೈಕ್ ಆನ್ ಮಾಡಿ ಎರಡು ನಿಮಿಷ ಕಣ್ಣು ಮುಚ್ಚಿ ಕೂರಿ. ಫ್ರಿಜ್ಜಿನ ಗುಂಯ್, ಫ್ಯಾನಿನ ಕಿರುಗುಟ್ಟು, ಪಕ್ಕದ ಮನೆಯ ಪಂಪು ಆಗ ಕೇಳುತ್ತವೆ. ಖಾಲಿ ಕೋಣೆ, ಟೈಲ್ಸ್ ನೆಲ ಇದ್ದರೆ ದನಿ ಡಬ್ಬದೊಳಗಿಂದ ಬಂದಂತಿರುತ್ತದೆ. ಫ್ರೇಮಿಗೆ ಬಾರದ ಕಡೆ ದಪ್ಪ ಕಂಬಳಿ, ಹಾಸಿಗೆ ಒರಗಿಸಿದರೆ ಸಾಕಷ್ಟು ತಗ್ಗುತ್ತದೆ. ಮೈಕ್ ಬಾಯಿಂದ ಒಂದೂವರೆ, ಎರಡು ಅಡಿಯೊಳಗಿದ್ದರೇ ಮಾತು ಚೆನ್ನ. ಇಡೀ ಸಂಭಾಷಣೆಯನ್ನು ದೂರದ ವೈಡ್ ಶಾಟಿನಲ್ಲೇ ಯೋಜಿಸುವವರು ಬೂಮ್ (ಉದ್ದ ಕೋಲಿಗೆ ಕಟ್ಟಿದ ಮೈಕ್) ಹಿಡಿದವನನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ಮೊದಲೇ ಹೇಳಬೇಕು.

ಫೋನಿನ ದಿಕ್ಸೂಚಿಯಲ್ಲಿ ಕಿಟಕಿ ಯಾವ ಕಡೆಗಿದೆ ನೋಡಿ. ಪೂರ್ವದ ಕಿಟಕಿಯಿಂದ ಬಿದ್ದ ಬಿಸಿಲಿನ ಚೌಕ ಮೂರು ಗಂಟೆಯಲ್ಲಿ ಎಷ್ಟೋ ದೂರ ಸರಿದಿರುತ್ತದೆ. ಒಂದೇ ಮಾತುಕತೆಯ ಅರ್ಧದಲ್ಲಿ ಅಣ್ಣನ ಭುಜದ ಮೇಲಿದ್ದ ಬಿಸಿಲು ಇನ್ನರ್ಧದಲ್ಲಿ ನೆಲದ ಮೇಲಿದ್ದರೆ ಅದನ್ನು ಎಡಿಟರ್ ಸರಿಮಾಡಲಾರ. ಹತ್ತಡಿ ಚೌಕದ ಕೋಣೆಯನ್ನು ಬಿಟ್ಟುಬಿಡಿ, ಕ್ಯಾಮೆರಾ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಕರೆಂಟಿನ ಲೆಕ್ಕವೂ ಇರಲಿ: 230 ವೋಲ್ಟ್ ಇರುವಲ್ಲಿ 1000 ವ್ಯಾಟಿನ ಲೈಟ್ 4 ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಎರಡನ್ನು ಒಂದೇ ಸಣ್ಣ ಪ್ಲಗ್ಗಿಗೆ ಚುಚ್ಚಿದರೆ ಫ್ಯೂಸ್ ಹೋಗುತ್ತದೆ ಅಥವಾ ವೈರು ಬಿಸಿಯಾಗುತ್ತದೆ. ಎರಡನೆಯದು ಹೆಚ್ಚು ಅಪಾಯ.

ಕ್ಯಾಮೆರಾ ಟೆಸ್ಟನ್ನು ಅದೇ ಜಾಗದಲ್ಲಿ, ಅದೇ ದೀಪಗಳ ಕೆಳಗೆ ಮಾಡಿ. 50 ಹರ್ಟ್ಸ್ ವಿದ್ಯುತ್ತಿನ ಊರಿನಲ್ಲಿ ಕ್ಯಾಮೆರಾದ ಶಟರ್ ಸ್ಪೀಡ್ 1/50 ಅಥವಾ 1/100 ಸೆಕೆಂಡಿಗೆ ಇಲ್ಲದಿದ್ದರೆ ಗೋಡೆಯ ಮೇಲೆ ಪಟ್ಟೆ ಓಡಾಡಬಹುದು; ಡಿಮ್ ಮಾಡಿದ ಅಗ್ಗದ ಎಲ್‌ಇಡಿ ಆ ಸ್ಪೀಡಿನಲ್ಲೂ ಮಿನುಗಬಹುದು. ಸಣ್ಣ ಸ್ಕ್ರೀನಿನಲ್ಲಿ ಕಾಣುವುದಿಲ್ಲ, ಕಂಪ್ಯೂಟರಿಗೆ ಹಾಕಿ ನೋಡಿ. ಮೆಮೊರಿ ಕಾರ್ಡಿನ ಲೆಕ್ಕ ಸುಲಭ: ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ರೆಕಾರ್ಡ್ ಮಾಡುತ್ತದೆ ಎಂದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಎಂಟು ನಿಮಿಷದ ಚಿತ್ರಕ್ಕೆ ಹತ್ತು ಪಟ್ಟು ತೆಗೆದರೆ 60 ಜಿಬಿ. ಎರಡು ಬೇರೆ ಬೇರೆ ಡ್ರೈವಿಗೆ ನಕಲಾಗಿ, ತೆರೆದು ನೋಡುವವರೆಗೆ ಕಾರ್ಡ್ ಅಳಿಸಕೂಡದು. ಈ ಕೆಲಸಕ್ಕೆ ಒಬ್ಬರನ್ನೇ ನೇಮಿಸಿ.

ನೇಮಕದ ಮಾತು ಬಂತು. ನಿರ್ದೇಶಕರೇ ಗಡಿಯಾರ ನೋಡುವ ಸೆಟ್ ಯಾವತ್ತೂ ತಡ. ಅಸಿಸ್ಟೆಂಟ್ ಡೈರೆಕ್ಟರ್ ಬೇರೆ ಇರಲಿ, ‘ಸರ್, ಈ ಶಾಟಿಗೆ ಇನ್ನು ಹತ್ತೇ ನಿಮಿಷ’ ಎನ್ನುವ ಧೈರ್ಯ ಅವರಿಗಿರಲಿ. ಕಂಟಿನ್ಯುಟಿ, ಅಂದರೆ ತಟ್ಟೆಯ ಊಟ, ಬಟ್ಟೆಯ ಒದ್ದೆ ಶಾಟಿನಿಂದ ಶಾಟಿಗೆ ಹಾಗೇ ಇದೆಯೇ ಎಂದು ನೋಡುವವರೂ ಬೇರೆಯೇ ಇರಬೇಕು. ನಟರು, ಮನೆಯವರು ಒಪ್ಪಿಗೆಪತ್ರಕ್ಕೆ ಶೂಟಿಂಗಿಗೆ ಮುಂಚೆ ಸಹಿ ಹಾಕಲಿ. ಮುಗಿದ ಮೇಲೆ ಹುಡುಕಿಕೊಂಡು ಹೋಗುವುದು ಕಷ್ಟ. ಜನಪ್ರಿಯ ಹಾಡನ್ನು ಹಿನ್ನೆಲೆಗೆ ಹಾಕುವ ಆಸೆಯಿದ್ದರೆ ಹಾಡಿನ ರಚನೆಗೆ ಒಂದು, ಧ್ವನಿಮುದ್ರಣಕ್ಕೆ ಇನ್ನೊಂದು, ಹೀಗೆ ಎರಡು ಹಕ್ಕು ಬೇಕು. ಚಿತ್ರೋತ್ಸವಗಳು ಇದನ್ನೇ ಕೇಳುತ್ತವೆ. ಗೆಳೆಯರೊಬ್ಬರು ತಮ್ಮದೇ ಹೊಸ ಸಂಗೀತ ರಚಿಸಿ ನುಡಿಸಿಕೊಟ್ಟರೆ ಅದಕ್ಕೂ ಒಂದು ಬರಹದ ಒಪ್ಪಿಗೆ ಇರಲಿ.

ವೇಳಾಪಟ್ಟಿಯನ್ನು ಕಥೆಯ ಕ್ರಮದಲ್ಲಿ ಮಾಡಬೇಡಿ. ಹೊರಾಂಗಣ ಮೊದಲು, ಆಕಾಶ ಕೈಕೊಟ್ಟರೆ ಒಳಗಿನ ಒಂದು ದೃಶ್ಯ ಸಿದ್ಧವಿರಲಿ. ಕೋಣೆಯೊಳಗೆ ಒಂದು ದಿಕ್ಕಿಗೆ ನೋಡುವ ಶಾಟ್‌ಗಳನ್ನೆಲ್ಲ ಮುಗಿಸಿ ಆಮೇಲೆ ಲೈಟ್ ತಿರುಗಿಸಿ. ಅತಿ ಕಷ್ಟದ ಅಭಿನಯವನ್ನು ದಿನದ ಕೊನೆಗೆ ತಳ್ಳಬೇಡಿ, ಆ ಹೊತ್ತಿಗೆ ಎಲ್ಲರ ಕಣ್ಣೂ ವಾಚಿನ ಮೇಲಿರುತ್ತದೆ.

ಹಿಂದಿನ ದಿನ ಸಂಜೆಯೊಳಗೆ ಕಾಲ್ ಶೀಟ್ ಎಲ್ಲರಿಗೂ ಮುಟ್ಟಲಿ: ಯಾರು ಎಷ್ಟು ಗಂಟೆಗೆ, ಎಲ್ಲಿಗೆ, ಯಾವ ಉಡುಪಿನಲ್ಲಿ, ಹತ್ತಿರದ ಆಸ್ಪತ್ರೆ ಯಾವುದು. ಪ್ಯಾಕಪ್‌ಗೆ ಮುನ್ನ ಎಲ್ಲರೂ ಅಲುಗಾಡದೆ ನಿಂತು ಎಡಿಟಿಂಗಿನಲ್ಲಿ ಮಾತಿನ ನಡುವಿನ ಬಿಡುವಿಗೆ ಹಾಕಲು ಮೂವತ್ತು ಸೆಕೆಂಡ್ ಕೋಣೆಯ ಮೌನವನ್ನು ರೆಕಾರ್ಡ್ ಮಾಡುವುದು ಅದರಲ್ಲೇ ಬರೆದಿರಲಿ, ಇಲ್ಲವಾದರೆ ಮರೆತೇ ಹೋಗುತ್ತದೆ. ಫ್ರಿಜ್ ವಿಷಯವೂ ಅಷ್ಟೇ. ಸದ್ದು ಬಾರದಿರಲೆಂದು ಫ್ರಿಜ್ ಆಫ್ ಮಾಡಿದವರು ತಮ್ಮ ಬೈಕಿನ ಕೀಯನ್ನು ಅದರೊಳಗೇ ಇಟ್ಟುಬಿಡಲಿ. ಮನೆಗೆ ಹೊರಟಾಗ ಕೀ ಹುಡುಕುತ್ತ ಫ್ರಿಜ್ ಬಾಗಿಲು ತೆರೆಯಲೇಬೇಕಾಗುತ್ತದೆ, ಆಗ ಸ್ವಿಚ್ಚೂ ನೆನಪಾಗುತ್ತದೆ.