ಚಂದ್ರ ದೂರ ಸರಿಯುತ್ತಾನೆ, ಆಂಡ್ರೊಮಿಡಾ ಹತ್ತಿರ ಬರುತ್ತದೆ

ಅಮಾವಾಸ್ಯೆಯ ಮರುದಿನ ಇಳಿತದ ಹೊತ್ತಿಗೆ ಅಘನಾಶಿನಿ ನದಿ ಕಡಲು ಸೇರುವ ತದಡಿಯಲ್ಲಿ ನಿಂತರೆ ನದಿಯ ತಳವೇ ಕಾಣುತ್ತದೆ. ಹೆಂಗಸರು ಕೆಸರಿಗಿಳಿದು ಚಿಪ್ಪಿಕಲ್ಲು ಹೆಕ್ಕುತ್ತಿರುತ್ತಾರೆ. ಆರು ತಾಸು ಕಳೆಯುವುದರೊಳಗೆ ಅದೇ ಜಾಗದಲ್ಲಿ ದೋಣಿ ತೇಲುತ್ತದೆ. ಕಳೆದ ವರ್ಷ ಅಲ್ಲಿ ನಿಂತಿದ್ದಾಗ, ಒಂಬತ್ತನೇ ತರಗತಿಯಲ್ಲಿ ಓದುವ ತಂಗಿಯ ಮಗ ಕೇಳಿದ: "ಮಾವ, ವಿಶ್ವ ಹಿಗ್ತಾ ಇದೆ ಅಂತ ಓದಿದೆ. ಹಾಗಾದ್ರೆ ಕುಮಟೆಯಿಂದ ಶಿರಸಿಗೆ ಹೋಗೋ ದಾರಿನೂ ಉದ್ದ ಆಗ್ತಾ ಇದ್ಯಾ?"

ಇಲ್ಲ ಎಂದೆ. ಯಾಕಿಲ್ಲ ಎಂದ. ಆ ಎರಡನೇ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ನೀರು ಏರಿ ನಮ್ಮ ಕಾಲಬುಡಕ್ಕೆ ಬಂದಿತ್ತು.

ಮೊದಲು ಲೆಕ್ಕವನ್ನೇ ಮಾಡಿದೆವು. ಇಂದಿನ ಅಳತೆಯ ಪ್ರಕಾರ, 32.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವುದು ಸೆಕೆಂಡಿಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ದೂರ ಸರಿಯಬೇಕು. ಎರಡು ಪಟ್ಟು ದೂರವಿದ್ದರೆ ಎರಡು ಪಟ್ಟು ವೇಗ. ಇದೇ ದರವನ್ನು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ 60 ಕಿಲೋಮೀಟರ್ ದಾರಿಗೆ ಹಾಕಿದರೆ ವರ್ಷಕ್ಕೆ 0.004 ಮಿಲಿಮೀಟರ್ ಬರುತ್ತದೆ. ನೂರು ವರ್ಷಕ್ಕೆ ಅರ್ಧ ಮಿಲಿಮೀಟರೂ ಇಲ್ಲ. ವಾಸ್ತವದಲ್ಲಿ ಅಷ್ಟೂ ಆಗುವುದಿಲ್ಲ. ಘಟ್ಟದ ಕಲ್ಲನ್ನು ಪರಮಾಣುಗಳ ನಡುವಿನ ವಿದ್ಯುತ್ ಬಲ ಕಟ್ಟಿಹಿಡಿದಿದೆ, ಭೂಮಿಯನ್ನು ಅದರದೇ ಗುರುತ್ವ ಕಟ್ಟಿಹಿಡಿದಿದೆ. ಹೀಗೆ ಕಟ್ಟಿಹಿಡಿದದ್ದು ಹಿಗ್ಗುವುದಿಲ್ಲ.

ಹುಡುಗ ಬಿಡಲಿಲ್ಲ. ಚಂದ್ರನಿಗೂ ಲೆಕ್ಕ ಹಾಕಿದ. ಭೂಮಿಗೂ ಚಂದ್ರನಿಗೂ ನಡುವಿನ 3,84,400 ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 2.8 ಸೆಂಟಿಮೀಟರ್ ಬಂತು. ಇಲ್ಲಿ ಎಂಥವರೂ ಎಡವುತ್ತಾರೆ. ಯಾಕೆಂದರೆ ಚಂದ್ರ ನಿಜವಾಗಿಯೂ ದೂರ ಸರಿಯುತ್ತಿದ್ದಾನೆ! 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ ಪ್ರತಿಫಲಕ ಇಟ್ಟು ಬಂದರು. ಅದಕ್ಕೆ ಲೇಸರ್ ಹಾಯಿಸಿ ಅಳೆದಾಗ ಸಿಕ್ಕ ದರ ವರ್ಷಕ್ಕೆ 3.8 ಸೆಂಟಿಮೀಟರ್. ಎರಡೂ ಸಂಖ್ಯೆ ಹತ್ತಿರ ಹತ್ತಿರ ಇವೆ ಎಂದು ಮರುಳಾಗಬಾರದು. ಚಂದ್ರನನ್ನು ದೂರ ತಳ್ಳುತ್ತಿರುವುದು ವಿಶ್ವದ ಹಿಗ್ಗುವಿಕೆ ಅಲ್ಲ, ನಮ್ಮೆದುರು ಏರುತ್ತಿದ್ದ ಆ ನೀರು.

ಚಂದ್ರನ ಸೆಳೆತಕ್ಕೆ ಕಡಲು ಉಬ್ಬುತ್ತದೆ. ಚಂದ್ರ ಭೂಮಿಯನ್ನು ಸುತ್ತಲು ತಿಂಗಳು ಬೇಕು, ಭೂಮಿ ತನ್ನನ್ನು ತಾನು ಸುತ್ತಲು ಒಂದು ದಿನ ಸಾಕು. ಹಾಗಾಗಿ ಭೂಮಿ ಆ ಉಬ್ಬನ್ನು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ. ಮುಂದೆ ಹೋದ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಆ ಎಳೆತದಿಂದ ಶಕ್ತಿ ಪಡೆದ ಚಂದ್ರ ಇನ್ನಷ್ಟು ಎತ್ತರದ ಕಕ್ಷೆಗೆ ಏರುತ್ತಾನೆ. ಶಕ್ತಿ ಕೊಟ್ಟ ಭೂಮಿಯ ತಿರುಗಾಟ ನಿಧಾನವಾಗಿ, ನೂರು ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡಿನಷ್ಟು ದಿನ ಉದ್ದವಾಗುತ್ತದೆ. ಗುರುತ್ವ ಎಂದರೆ ಹತ್ತಿರ ಎಳೆಯುವುದು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಅದೇ ಗುರುತ್ವ ಬಳಸುದಾರಿಯಲ್ಲಿ ಒಂದು ವಸ್ತುವನ್ನು ದೂರವೂ ಮಾಡಬಲ್ಲದು. ಇದನ್ನು ನೆನಪಿಟ್ಟುಕೋ, ಮತ್ತೆ ಬೇಕಾಗುತ್ತದೆ ಎಂದೆ.

ಹಾಗಾದರೆ ಹಿಗ್ಗುವುದು ಯಾವುದು? ದಂಡೆಯ ಮೇಲೆ ಹರವಿದ್ದ ಬಲೆಯೊಂದನ್ನು ತೋರಿಸಿದೆ. ಬಲೆಯನ್ನು ಎಲ್ಲ ಕಡೆಯಿಂದ ಎಳೆದರೆ ಅದರ ಕಣ್ಣುಗಳು ಅಗಲವಾಗುತ್ತವೆ, ಗಂಟುಗಳು ಮಾತ್ರ ಇದ್ದಷ್ಟೇ ಇರುತ್ತವೆ. ಯಾವ ಗಂಟಿನ ಮೇಲೆ ಕೂತು ನೋಡಿದರೂ ಉಳಿದವೆಲ್ಲ ತನ್ನಿಂದಲೇ ದೂರ ಹೋಗುತ್ತಿರುವಂತೆ ಕಾಣುತ್ತದೆ. ಗ್ಯಾಲಕ್ಸಿಗಳ ಗುಂಪುಗಳು ಆ ಗಂಟುಗಳ ಹಾಗೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಬಲೆಗೆ ಅಂಚುಂಟು, ಎಳೆಯುವ ಕೈಗಳುಂಟು. ವಿಶ್ವಕ್ಕೆ ಅಂಚು ಕಂಡಿಲ್ಲ, ಹೊರಗಿನಿಂದ ಯಾರೂ ಎಳೆಯುತ್ತಲೂ ಇಲ್ಲ. ಗಳ ಊರಿ ಒಮ್ಮೆ ತಳ್ಳಿದ ದೋಣಿ ತನ್ನಷ್ಟಕ್ಕೆ ಸಾಗುವಂತೆ, 1380 ಕೋಟಿ ವರ್ಷಗಳ ಹಿಂದೆ ಶುರುವಾದದ್ದು ಸಾಗುತ್ತಿದೆ.

ಈ ತಿಳಿವಳಿಕೆ ಒಬ್ಬರಿಂದ ಬಂದದ್ದಲ್ಲ. 1912ರಲ್ಲಿ ಹೆನ್ರಿಯೆಟಾ ಲೆವಿಟ್, ಮಿನುಗುವ ಒಂದು ಬಗೆಯ ನಕ್ಷತ್ರಗಳಿಂದ ದೂರ ಅಳೆಯುವ ದಾರಿ ತೋರಿಸಿದರು. ಅದೇ ವರ್ಷ ವೆಸ್ಟೊ ಸ್ಲಿಫರ್ ಗ್ಯಾಲಕ್ಸಿಗಳ ಬೆಳಕಿನಿಂದ ಅವುಗಳ ವೇಗ ಅಳೆಯಲು ತೊಡಗಿದರು. ಐನ್‌ಸ್ಟೈನ್‌ರ ಸಮೀಕರಣಗಳಲ್ಲೇ ಹಿಗ್ಗುವ ವಿಶ್ವ ಅಡಗಿದೆ ಎಂದು 1922ರಲ್ಲಿ ಫ್ರೀಡ್‌ಮನ್ ಕಂಡುಕೊಂಡರು, 1927ರಲ್ಲಿ ಲಮೈತ್ರ್ ಅದನ್ನು ಗ್ಯಾಲಕ್ಸಿಗಳ ವೇಗಕ್ಕೆ ಜೋಡಿಸಿದರು. 1929ರಲ್ಲಿ ಎಡ್ವಿನ್ ಹಬಲ್ ದೂರ ಹೆಚ್ಚಿದಷ್ಟೂ ವೇಗ ಹೆಚ್ಚು ಎಂಬ ನಿಯಮವನ್ನು ಜಗತ್ತಿನ ಮುಂದಿಟ್ಟರು. ಹೆಸರು ಹಬಲ್‌ರದ್ದಾಯಿತು. ಲೆವಿಟ್, ಸ್ಲಿಫರ್ ಇಬ್ಬರನ್ನೂ ಪಠ್ಯಪುಸ್ತಕಗಳು ಇನ್ನೂ ಹೆಚ್ಚು ನೆನೆಯಬೇಕಿತ್ತು ಎಂಬುದು ನನ್ನ ಬೇಸರ.

ಸ್ಲಿಫರ್ ಮೊದಲು ಅಳೆದ ಗ್ಯಾಲಕ್ಸಿ ಆಂಡ್ರೊಮಿಡಾ. ಅದು ದೂರ ಹೋಗುತ್ತಿರಲಿಲ್ಲ, ನಮ್ಮ ಕಡೆಗೇ ಬರುತ್ತಿತ್ತು. ಈಗಿನ ಲೆಕ್ಕದಲ್ಲಿ ಅದೂ ನಮ್ಮ ಕ್ಷೀರಪಥವೂ ಸೆಕೆಂಡಿಗೆ ಸುಮಾರು 110 ಕಿಲೋಮೀಟರಿನಂತೆ ಪರಸ್ಪರ ಸಮೀಪಿಸುತ್ತಿವೆ. ಎಲ್ಲವೂ ಹಿಗ್ಗುವಾಗ ಇದು ಹೇಗೆ? ಎಳೆಯ ವಿಶ್ವದಲ್ಲಿ ದ್ರವ್ಯ ಬಹುಮಟ್ಟಿಗೆ ಸಮನಾಗಿ ಹರಡಿತ್ತು, ಆದರೆ ಪೂರ್ತಿ ಸಮನಾಗಿ ಅಲ್ಲ. ಅಂದಿನ ಬೆಳಕು ಇಂದಿಗೂ ಎಲ್ಲ ದಿಕ್ಕಿನಿಂದ ಮೈಕ್ರೋವೇವ್ ಆಗಿ ಬರುತ್ತಿದೆ. ಅದರ ತಾಪದಲ್ಲಿ ಲಕ್ಷಕ್ಕೆ ಒಂದು ಪಾಲಿನಷ್ಟು ಏರುಪೇರು ಕಾಣುತ್ತದೆ. ತುಸು ಹೆಚ್ಚು ದಟ್ಟವಿದ್ದ ಕಡೆ ಗುರುತ್ವ ಹಿಗ್ಗುವಿಕೆಯನ್ನು ಮೊದಲು ನಿಧಾನಗೊಳಿಸಿತು, ಆಮೇಲೆ ನಿಲ್ಲಿಸಿತು, ಕೊನೆಗೆ ಹಿಂದಕ್ಕೆ ತಿರುಗಿಸಿತು. ಮೇಲಕ್ಕೆಸೆದ ಕಲ್ಲು ವಾಪಸು ಬೀಳುವ ಹಾಗೆ. ನಾವೂ ಆಂಡ್ರೊಮಿಡಾವೂ ಅಂಥ ವಾಪಸು ಬೀಳುವ ಕಲ್ಲುಗಳು. ಸುಮಾರು 5.4 ಕೋಟಿ ಜ್ಯೋತಿರ್ವರ್ಷ ಆಚೆಯ ಕನ್ಯಾ ಗುಂಪಿನ ಗುರುತ್ವವೂ ನಮ್ಮನ್ನು ಎಳೆಯುತ್ತಿದೆ. ಅದರಿಂದ ನಾವು ದೂರ ಹೋಗುವ ವೇಗ ಕಡಿಮೆಯಾಗಿದೆಯೇ ಹೊರತು ನಿಂತಿಲ್ಲ.

ದ್ರವ್ಯದ ಗುರುತ್ವ ಹಿಗ್ಗುವಿಕೆಗೆ ಹೇಗೆ ಕಡಿವಾಣ ಹಾಕುತ್ತದೆ ಎಂಬುದನ್ನು ತೀರಾ ನೇರವಾಗಿ ಹೇಳುವ ಸಮೀಕರಣ ನಮ್ಮ ದೇಶದ್ದು. 1955ರಲ್ಲಿ ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ ಅದನ್ನು ಪ್ರಕಟಿಸಿದರು. ಮುಂದೆ ಪೆನ್‌ರೋಸ್ ಮತ್ತು ಹಾಕಿಂಗ್ ಕಪ್ಪುಕುಳಿ ಮತ್ತು ವಿಶ್ವದ ಆರಂಭದ ಬಗೆಗಿನ ತಮ್ಮ ಪ್ರಮೇಯಗಳನ್ನು ಕಟ್ಟಿದ್ದು ಇಂಥ ಅಡಿಪಾಯದ ಮೇಲೆ. ಆ ಸಮೀಕರಣದ ಪ್ರಕಾರ ಗುರುತ್ವವನ್ನು ಹುಟ್ಟಿಸುವುದು ಸಾಂದ್ರತೆ ಮಾತ್ರವಲ್ಲ, ಒತ್ತಡವೂ ಹೌದು, ಅದೂ ಮೂರು ಪಟ್ಟಾಗಿ. ನ್ಯೂಟನ್‌ರ ಗುರುತ್ವದಲ್ಲಿ ಈ ಮಾತಿಲ್ಲ.

ಬಹಳ ಕಾಲ ಇದು ಲೆಕ್ಕದ ಸೂಕ್ಷ್ಮವಾಗಿಯೇ ಉಳಿದಿತ್ತು. 1998ರಲ್ಲಿ ಎರಡು ತಂಡಗಳು ದೂರದಲ್ಲಿ ಸಿಡಿದ ನಕ್ಷತ್ರಗಳನ್ನು, ಅಂದರೆ ಸೂಪರ್‌ನೋವಾಗಳನ್ನು ಅಳೆದವು. ಹಿಗ್ಗುವಿಕೆ ಎಷ್ಟು ನಿಧಾನವಾಗುತ್ತಿದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿದ್ದವು, ಅಂದರೆ ಇನ್ನೂ ದೂರದಲ್ಲಿದ್ದವು. ಹಿಗ್ಗುವಿಕೆಯ ವೇಗ ಹೆಚ್ಚುತ್ತಿತ್ತು! ಮೇಲಕ್ಕೆಸೆದ ಕಲ್ಲು ಹೋಗುತ್ತ ಹೋಗುತ್ತ ಇನ್ನೂ ಜೋರಾದಂತೆ. ಪರ್ಲ್‌ಮಟರ್, ಶ್ಮಿಟ್, ರೀಸ್ ಅವರಿಗೆ 2011ರ ನೊಬೆಲ್ ಬಂದದ್ದು ಇದಕ್ಕೇ.

ಇದರ ಹಿಂದಿರುವುದಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರು. ವಿಶ್ವದ ಒಟ್ಟು ಶಕ್ತಿಯಲ್ಲಿ ಅದರ ಪಾಲು ಸುಮಾರು 68 ಪ್ರತಿಶತ. ಇದನ್ನು ಗುರುತ್ವಕ್ಕೆ ಎದುರು ನಿಂತ ಬೇರೆ ಬಲ ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ. ಡಾರ್ಕ್ ಎನರ್ಜಿಯ ಒತ್ತಡ ಋಣಾತ್ಮಕ. ಅದನ್ನು ಮೂರು ಪಟ್ಟು ಮಾಡಿ ಸಾಂದ್ರತೆಗೆ ಕೂಡಿಸಿದರೆ ಮೊತ್ತವೇ ಋಣವಾಗುತ್ತದೆ, ಆಗ ಗುರುತ್ವ ಎಳೆಯುವ ಬದಲು ತಳ್ಳುತ್ತದೆ. ಮೊದಲು ಹಿಗ್ಗುವಿಕೆಯನ್ನು ನಿಧಾನ ಮಾಡಿದ್ದೂ ಗುರುತ್ವ, ಈಗ ಜೋರು ಮಾಡುತ್ತಿರುವುದೂ ಗುರುತ್ವ. ಜಾಗ ಹಿಗ್ಗಿದಷ್ಟೂ ದ್ರವ್ಯ ತೆಳುವಾಯಿತು, ಡಾರ್ಕ್ ಎನರ್ಜಿ ಹೆಚ್ಚುಕಡಿಮೆ ಹಾಗೇ ಉಳಿಯಿತು. ಸುಮಾರು 500 ಕೋಟಿ ವರ್ಷಗಳ ಹಿಂದೆ ಅದರ ಕೈ ಮೇಲಾಯಿತು. ಅದು ನಿಜಕ್ಕೂ ಹಾಗೇ ಉಳಿದಿದೆಯೇ, ಕ್ಷೀಣಿಸುತ್ತಿದೆಯೇ ಎಂಬ ಅನುಮಾನವನ್ನು ಗ್ಯಾಲಕ್ಸಿಗಳ ನಕ್ಷೆ ಬರೆಯುವ ಡೆಸಿ ಸಮೀಕ್ಷೆಯ 2024 ಮತ್ತು 2025ರ ಫಲಿತಾಂಶಗಳು ಎಬ್ಬಿಸಿವೆ. 70 ಎಂದು ನಾನು ಹೇಳಿದ ಸಂಖ್ಯೆಯಲ್ಲೂ ಜಗಳ ಮುಗಿದಿಲ್ಲ. ಒಂದು ವಿಧಾನಕ್ಕೆ 67 ಬರುತ್ತದೆ, ಇನ್ನೊಂದಕ್ಕೆ 73.

ಡಿಸೆಂಬರಿನಲ್ಲಿ ಹುಡುಗ ಶಿರಸಿಯ ನಮ್ಮ ಮನೆಗೆ ಬಂದಿದ್ದ. ರಾತ್ರಿ ಒಳಗೆ ಅಡಿಕೆ ಸುಲಿಯುತ್ತಿದ್ದರು. ಅಂಗಳದ ದೀಪ ಆರಿಸಿ, ನೆತ್ತಿಯಿಂದ ತುಸು ಉತ್ತರಕ್ಕೆ ಬೆರಳು ಮಾಡಿ, ಮಂಜಿನ ಉಂಡೆಯಂಥ ಆಂಡ್ರೊಮಿಡಾವನ್ನು ತೋರಿಸಿದೆ. 25 ಲಕ್ಷ ವರ್ಷ ಹಳೆಯ ಬೆಳಕು. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷ ಹಿಡಿಯಿತು. ಕಂಡ ಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಓಡಿದ, ಅಜ್ಜಿಯನ್ನು ಕೈಹಿಡಿದು ಕರೆತರಲು.